ನದೀತೀರದ ರಸ್ತೆಯನ್ನು ಅಡ್ಡಕೊಯ್ದು ನೋಡಬೇಕು

ಹೊಳೆಯ ದಂಡೆಯಲ್ಲಿ ಒಂದು ಚೆಂದದ ರಸ್ತೆ ಬೇಕೆಂಬ ಬೇಡಿಕೆ ಮಲೆನಾಡಿನ ಊರುಗಳಿಂದ ಈಚೆಗೆ ಹೆಚ್ಚಾಗಿ ಬರುತ್ತಿದೆ. ಶಿವಮೊಗ್ಗದಲ್ಲಿ ಸ್ಮಾರ್ಟ್ ಸಿಟಿ ಯೋಜನೆಯಡಿ ತುಂಗೆಯ ದಂಡೆ ಹೊಸ ರೂಪ ಪಡೆದ ಮೇಲೆ, ತಮ್ಮೂರಿನಲ್ಲೂ ಸಂಜೆ ಹೊತ್ತು ನಾಲ್ಕು ಹೆಜ್ಜೆ ನಡೆಯಲು ಅಂಥದೊಂದು ದಾರಿ ಆಗಲಿ ಎಂದು ಅಕ್ಕಪಕ್ಕದ ಪಟ್ಟಣಗಳವರಿಗೆ ಅನ್ನಿಸುವುದು ಸಹಜ. ನಾನು ಕೆಲಸ ಮಾಡುವುದು ಶಿವಮೊಗ್ಗದ ಒಂದು ಸಣ್ಣ ವಿನ್ಯಾಸ ಕಚೇರಿಯಲ್ಲಿ. ಒಳಚರಂಡಿ ಮತ್ತು ಮಳೆನೀರಿನ ಚರಂಡಿಗಳ ಲೆಕ್ಕಾಚಾರ ನನ್ನ ಪಾಲಿನದು. ಈ ಕೆಲಸದಲ್ಲಿ ನಾನು ಕಲಿತ ಮುಖ್ಯ ಪಾಠವೆಂದರೆ, ನದೀತೀರದ ರಸ್ತೆಯನ್ನು ಮೇಲಿನಿಂದ ನೋಡುವುದಕ್ಕೆ ಮೊದಲು ಅಡ್ಡಕೊಯ್ದು, ಅಂದರೆ ನೆಲದಡಿ ಏನೇನಿದೆ ಎಂದು ಕಾಣುವ ಹಾಗೆ ಕತ್ತರಿಸಿ ಬರೆದ ನಕ್ಷೆಯಲ್ಲಿ, ನೋಡಬೇಕು. ಅದನ್ನು ನನಗೆ ಸ್ಪಷ್ಟವಾಗಿ ಕಲಿಸಿದ್ದು ಲಂಡನ್ನಿನ ವಿಕ್ಟೋರಿಯಾ ಎಂಬ್ಯಾಂಕ್‌ಮೆಂಟ್ ಎಂಬ ರಸ್ತೆಯ ಚರಿತ್ರೆ.

ಸಭೆಗೆ ಬರುವ ಊರಿನ ಪ್ರಮುಖರು ಸಾಮಾನ್ಯವಾಗಿ ಮೊಬೈಲಿನಲ್ಲಿ ಮುಂಬೈಯ ಮರೀನ್ ಡ್ರೈವ್‌ನ ಚಿತ್ರ ತೋರಿಸುತ್ತಾರೆ. ಅದು ನಿಜಕ್ಕೂ ಸುಂದರವಾದ ರಸ್ತೆ. ಆದರೆ ಅದು ಸಮುದ್ರವನ್ನು ತುಂಬಿ ಪಡೆದ ನೆಲದ ಮೇಲಿದೆ, ಅಲ್ಲಿ ಎದುರಿಸಬೇಕಾದದ್ದು ಅಲೆಯನ್ನು, ಅದಕ್ಕೆಂದೇ ಅಂಚಿನುದ್ದಕ್ಕೂ ಕಾಂಕ್ರೀಟಿನ ಟೆಟ್ರಾಪಾಡ್‌ಗಳನ್ನು ಒಟ್ಟಿದ್ದಾರೆ. ತುಂಗೆಯ ದಂಡೆಯಲ್ಲಿ ಕೆಲಸ ಮಾಡುವವರಿಗೆ ಅಲೆಯ ಚಿಂತೆಯಿಲ್ಲ. ಊರಿನ ಕೊಳೆನೀರು ಹೊಳೆಗೆ ಇಳಿಯುವುದು ಮತ್ತು ಮಳೆಗಾಲದಲ್ಲಿ ಹೊಳೆಯೇ ಊರಿಗೆ ಏರುವುದು, ಇವೆರಡು ನಮ್ಮ ಚಿಂತೆ. ಥೇಮ್ಸ್ ದಂಡೆಯವರು ಈ ಎರಡನ್ನೂ ಒಂದೇ ಗೋಡೆಯ ಬುಡದಲ್ಲಿ ಎದುರಿಸಬೇಕಾಯಿತು. ಅದಕ್ಕಾಗಿಯೇ ಕಚೇರಿಗೆ ಹೊಸದಾಗಿ ಸೇರುವ ಎಂಜಿನಿಯರುಗಳಿಗೆ ನಾನು ಅಲ್ಲಿಯ ಕಥೆಯನ್ನು ಮೊದಲು ಹೇಳುತ್ತೇನೆ.

1858ರ ಬೇಸಿಗೆಯಲ್ಲಿ ಥೇಮ್ಸ್ ನದಿ ಹೊಲಸಿನ ಕಾಲುವೆಯಾಗಿತ್ತು. ಸುಮಾರು 25 ಲಕ್ಷ ಜನರ ನಗರದ ಕೊಳೆಯೆಲ್ಲ ನೇರವಾಗಿ ಅದರೊಳಕ್ಕೆ ಬೀಳುತ್ತಿತ್ತು. ಸಮುದ್ರದ ಉಬ್ಬರ ಆ ಕೊಳೆಯನ್ನು ಮತ್ತೆ ಊರೊಳಗೆ ತಂದು ಬಿಡುತ್ತಿತ್ತು. ದುರ್ವಾಸನೆ ತಡೆಯಲಾರದೆ ಪಾರ್ಲಿಮೆಂಟಿನ ಕಿಟಕಿಗಳಿಗೆ ಸುಣ್ಣದ ಕ್ಲೋರೈಡಿನಲ್ಲಿ ಅದ್ದಿದ ಪರದೆಗಳನ್ನು ಕಟ್ಟಿದ್ದರು. ಅದಕ್ಕೂ ಮುಂಚಿನ ಕಾಲು ಶತಮಾನದಲ್ಲಿ ಕಾಲರಾ ಆ ನಗರವನ್ನು ಮತ್ತೆ ಮತ್ತೆ ಹಿಂಡಿತ್ತು. ಬಡವರ ಕೇರಿಗಳ ಸಾವು ಮಾಡಿಸಲಾಗದ ಕೆಲಸವನ್ನು ಶಾಸಕರ ಮೂಗಿಗೆ ತಟ್ಟಿದ ವಾಸನೆ ಮಾಡಿಸಿತು: ಅದೇ ಆಗಸ್ಟ್ ತಿಂಗಳಲ್ಲಿ ಕಾನೂನು ಬಂತು, ಮೆಟ್ರೋಪಾಲಿಟನ್ ಬೋರ್ಡ್ ಆಫ್ ವರ್ಕ್ಸ್‌ನ ಮುಖ್ಯ ಎಂಜಿನಿಯರ್ ಜೋಸೆಫ್ ಬ್ಯಾಜಲ್‌ಜೆಟ್ ಸಿದ್ಧಪಡಿಸಿಟ್ಟಿದ್ದ ಯೋಜನೆಗೆ ಹಣವೂ ಬಂತು.

ಯೋಜನೆಯ ತಿರುಳು ಸರಳ. ನದಿಗೆ ಸಮಾನಾಂತರವಾಗಿ ದೊಡ್ಡ ಇಟ್ಟಿಗೆ ಕೊಳವೆಗಳನ್ನು ಹಾಯಿಸಿ, ಹೊಳೆಯತ್ತ ಇಳಿದು ಬರುವ ಹಳೆಯ ಚರಂಡಿಗಳನ್ನೆಲ್ಲ ಅಡ್ಡಗಟ್ಟಿ, ಕೊಳೆಯನ್ನು ಊರಿನ ಪೂರ್ವಕ್ಕೆ ಬಹುದೂರ ಸಾಗಿಸುವುದು. ಉತ್ತರ ದಂಡೆಯ ಅತಿ ತಗ್ಗಿನ ಕೊಳವೆಯನ್ನು ಎಲ್ಲಿ ಹಾಕುವುದು ಎಂಬಲ್ಲಿ ಮಾತ್ರ ತೊಡಕು ಬಂತು. ನಗರದ ಅತಿ ಗಿಜಿಗುಡುವ ಸ್ಟ್ರ್ಯಾಂಡ್ ಮತ್ತು ಫ್ಲೀಟ್ ಸ್ಟ್ರೀಟ್ ರಸ್ತೆಗಳನ್ನು ಅಗೆಯಬೇಕಿತ್ತು, ಇಲ್ಲವೇ ನದಿಯ ಅಂಚಿನ ಕೆಸರು ಪಾತ್ರವನ್ನೇ ತುಂಬಿ ಹೊಸ ನೆಲ ಮಾಡಿಕೊಳ್ಳಬೇಕಿತ್ತು. ಎರಡನೆಯದನ್ನು ಆರಿಸಿಕೊಂಡರು. ವೆಸ್ಟ್‌ಮಿನ್‌ಸ್ಟರ್‌ನಿಂದ ಬ್ಲ್ಯಾಕ್‌ಫ್ರಯರ್ಸ್‌ವರೆಗೆ, ಸುಮಾರು 2 ಕಿ.ಮೀ. ಉದ್ದಕ್ಕೆ ಗ್ರಾನೈಟ್ ಮುಖದ ಗೋಡೆ ಎದ್ದಿತು, ಅದರ ಹಿಂದಿನ ನೆಲದ ಮೇಲೆ 100 ಅಡಿ ಅಗಲದ ರಸ್ತೆ ಹರಡಿತು, ಮರಗಳ ಸಾಲು ಬಂತು. 1870ರ ಜುಲೈ 13ರಂದು ಅದು ಸಾರ್ವಜನಿಕರಿಗೆ ತೆರೆಯಿತು. ಇಂದು ಅಲ್ಲಿ ಓಡಾಡುವ ಪ್ರವಾಸಿಗರು ಮೀನಿನಾಕಾರದ ದೀಪಕಂಬಗಳ ಮುಂದೆ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಆ ರಸ್ತೆ ಹುಟ್ಟಿದ್ದಕ್ಕೆ ಒಂದು ದೊಡ್ಡ ಕಾರಣ ಅವರ ಕಾಲ ಕೆಳಗೆ ಹರಿಯುವ ಚರಂಡಿ.

ಆ ಕಾಲದ ಅಚ್ಚಿನ ಚಿತ್ರವೊಂದರಲ್ಲಿ ಈ ರಸ್ತೆಯ ಅಡ್ಡಕೊಯ್ತವನ್ನು ಬರೆದಿದ್ದಾರೆ. ಅದರ ಒಂದು ಪ್ರತಿ ನಮ್ಮ ಕಚೇರಿಯ ಗೋಡೆಯ ಮೇಲಿದೆ. ನದಿಯ ಕಡೆಯಿಂದ ನೋಡುತ್ತ ಬಂದರೆ ಮೊದಲು ಗೋಡೆ. ಗೋಡೆಗೆ ಒತ್ತಿಕೊಂಡು ಮೇಲುಭಾಗದಲ್ಲಿ ಗ್ಯಾಸ್ ಮತ್ತು ನೀರಿನ ಪೈಪುಗಳಿಗಾಗಿ ಮನುಷ್ಯ ನಡೆದಾಡಬಹುದಾದ ಸುರಂಗ. ಅದರ ಕೆಳಗೆ ದುಂಡನೆಯ ಕೊಳೆನೀರಿನ ಕೊಳವೆ. ಅಲ್ಲಿಂದ ನೆಲದ ಕಡೆಗೆ ಸರಿದರೆ ಡಿಸ್ಟ್ರಿಕ್ಟ್ ರೈಲಿನ ಸುರಂಗ. ರಸ್ತೆಯನ್ನು ಮತ್ತೆ ಅಗೆಯದೆ ಪೈಪು ದುರಸ್ತಿ ಮಾಡಲು 1860ರ ದಶಕದಲ್ಲೇ ದಾರಿ ಮಾಡಿಟ್ಟಿದ್ದರು ಎಂಬುದನ್ನು ನಾನು ಹೊಸಬರಿಗೆ ಬೆರಳಿಟ್ಟು ತೋರಿಸುತ್ತೇನೆ, ಏಕೆಂದರೆ ನಮ್ಮೂರುಗಳಲ್ಲಿ ಡಾಂಬರು ಹಾಕಿದ ಮೇಲೆ ಯುಜಿಡಿಗಾಗಿ, ಅಂದರೆ ಒಳಚರಂಡಿಗಾಗಿ, ಅಗೆಯುವುದು ಎಲ್ಲರೂ ಕಂಡದ್ದೇ.

ಆ ಚಿತ್ರ ಕಾಣಿಸದ ಇನ್ನೊಂದು ಸಂಗತಿ ಇಳಿಜಾರು. ಬ್ಯಾಜಲ್‌ಜೆಟ್‌ನ ಕೊಳವೆಗಳು ಒಂದು ಮೈಲಿಗೆ ಸುಮಾರು 2 ಅಡಿಯಷ್ಟು ಮಾತ್ರ ಇಳಿಯುತ್ತವೆ; ಅಷ್ಟು ಸಣ್ಣ ಇಳುಕಲಿನಲ್ಲೂ ಕೊಳೆ ಕೂರದೆ ಹರಿಯಬೇಕು. ತಗ್ಗಿನ ಕೊಳವೆ ಕೊನೆಗೆ ಎಷ್ಟು ಆಳಕ್ಕೆ ಹೋಗುತ್ತದೆಂದರೆ, 1868ರಲ್ಲಿ ಶುರುವಾದ ಆಬಿ ಮಿಲ್ಸ್ ಪಂಪುಮನೆಯಲ್ಲಿ ಕೊಳೆನೀರನ್ನು ಸುಮಾರು 11 ಮೀಟರ್ ಮೇಲಕ್ಕೆ ಎತ್ತಬೇಕಾಯಿತು. ಈ ಪೂರ್ವಭಾಗದ ಕೆಲಸ ಇನ್ನೂ ಮುಗಿಯದಿದ್ದಾಗಲೇ, 1866ರಲ್ಲಿ, ಕಾಲರಾ ಕಡೆಯ ಬಾರಿಗೆ ಲಂಡನ್ನಿಗೆ ಬಂತು, ಮತ್ತು ಅದು ಹೆಚ್ಚಾಗಿ ಕೊಂದದ್ದು ಹೊಸ ಚರಂಡಿ ಇನ್ನೂ ತಲುಪದಿದ್ದ ಪೂರ್ವದ ಕೇರಿಗಳವರನ್ನು. ನಮ್ಮಲ್ಲೂ ಕೊಳೆನೀರು ತಾನಾಗಿ ಇಳಿದು ಸೇರುವ ಜಾಗ ಹೊಳೆಯ ದಂಡೆಯೇ ಆಗಿರುವುದರಿಂದ ಅದನ್ನು ತುಂಬಿಕೊಳ್ಳುವ ವೆಟ್‌ವೆಲ್ ಎಂಬ ಬಾವಿಗಳನ್ನು ಅಲ್ಲೇ ಕಟ್ಟುತ್ತೇವೆ, ಅಲ್ಲಿಂದ ಪಂಪು ಹೊಡೆದು ಶುದ್ಧೀಕರಣ ಘಟಕಕ್ಕೆ ಏರಿಸುತ್ತೇವೆ. ಆಷಾಢದ ಗಾಳಿಮಳೆಗೆ ಕರೆಂಟು ಹೋಗಿ ಪಂಪು ನಿಂತರೆ, ಜನರೇಟರ್ ಇಲ್ಲದ ಕಡೆ ವೆಟ್‌ವೆಲ್ ತುಂಬಿ ಉಕ್ಕುವುದು ನೇರ ಹೊಳೆಗೆ. ಹಾಗಾಗಿ ನಡಿಗೆ ದಾರಿಯ ಅಂದಾಜುಪಟ್ಟಿಯಲ್ಲಿ ದೀಪಕಂಬಗಳಿಗಿಂತ ಮೊದಲು ಜನರೇಟರ್ ಇರಬೇಕು ಎಂದು ನಾನು ಹಟ ಹಿಡಿಯುತ್ತೇನೆ.

ಹೊಳೆ ಎಲ್ಲಿಯವರೆಗೆ ಇತ್ತು, ಎಲ್ಲಿಯವರೆಗೆ ಬರುತ್ತದೆ ಎಂಬುದಕ್ಕೆ ಹಳೆಯ ಕಲ್ಲುಗಳಿಗಿಂತ ಒಳ್ಳೆಯ ಸಾಕ್ಷಿಯಿಲ್ಲ. ಲಂಡನ್ನಿನಲ್ಲಿ 1626ರಲ್ಲಿ ಕಟ್ಟಿದ ಯಾರ್ಕ್ ವಾಟರ್‌ಗೇಟ್ ಎಂಬ ಕಲ್ಲಿನ ದ್ವಾರವಿದೆ. ದೋಣಿಯಿಂದ ಇಳಿದವರು ಅದರ ಮೆಟ್ಟಿಲೇರಿ ಅರಮನೆಯಂಥ ಮನೆಗೆ ಹೋಗುತ್ತಿದ್ದರು. ಎಂಬ್ಯಾಂಕ್‌ಮೆಂಟ್ ಆದ ಮೇಲೆ ಅದು ಉದ್ಯಾನದ ನಡುವೆ, ನೀರಿನಿಂದ ನೂರು ಮೀಟರಿಗೂ ಹೆಚ್ಚು ದೂರದಲ್ಲಿ ಉಳಿದುಹೋಗಿದೆ. ಶಿವಮೊಗ್ಗದವರಿಗೆ ಕೋರ್ಪಲಯ್ಯನ ಛತ್ರದ ಬಳಿ ಹೊಳೆಯಲ್ಲಿರುವ ಮಂಟಪ ಇದೇ ಬಗೆಯ ಗುರುತು. ಮಳೆಗಾಲದಲ್ಲಿ ಮಂಟಪ ಮುಳುಗಿತೇ ಎಂದು ಊರೆಲ್ಲ ವಿಚಾರಿಸುತ್ತದೆ. ಮುಳುಗಿತೆಂದರೆ ತಗ್ಗಿನ ಬಡಾವಣೆಗಳವರು ಎಚ್ಚರಾಗುತ್ತಾರೆ. ನಕ್ಷೆ ಬರೆಯುವವರು ಅದರ ಚಾವಣಿಯ ಮಟ್ಟವನ್ನು ಲೆವೆಲ್ ಯಂತ್ರದಿಂದ ಅಳೆದು ತಮ್ಮ ಹಾಳೆಯ ಮೇಲೆ ಗೆರೆ ಎಳೆದುಕೊಂಡರೆ, ದಾರಿ ಎಷ್ಟು ಎತ್ತರದಲ್ಲಿರಬೇಕು ಎಂಬ ಚರ್ಚೆ ಅರ್ಧ ಮುಗಿಯುತ್ತದೆ.

ಥೇಮ್ಸ್ ಮತ್ತು ತುಂಗೆಯ ನಡುವಿನ ವ್ಯತ್ಯಾಸ ಇಲ್ಲಿಯೇ ಮುಖ್ಯವಾಗುವುದು. ಥೇಮ್ಸ್ ದಿನಕ್ಕೆ ಎರಡು ಸಲ ಏರಿ ಇಳಿಯುತ್ತದೆ. ಅದರ ವೇಳಾಪಟ್ಟಿಯನ್ನು ಮೊದಲೇ ಅಚ್ಚುಹಾಕಬಹುದು. ತುಂಗೆ ಏರುವುದು ಶೃಂಗೇರಿ, ಆಗುಂಬೆ, ತೀರ್ಥಹಳ್ಳಿಯ ಕಡೆ ಮಳೆ ಹಿಡಿದಾಗ, ಶಿವಮೊಗ್ಗದಲ್ಲಿ ಬಿಸಿಲಿದ್ದರೂ ಏರೀತು. ಮೇಲಿರುವ ಗಾಜನೂರು ಅಣೆಕಟ್ಟೆಯ ಸಾಮರ್ಥ್ಯ ಕೇವಲ 3.24 ಟಿಎಂಸಿ, ಮುಂಗಾರಿನ ಮೊದಲ ದೊಡ್ಡ ಮಳೆಗಳಲ್ಲೇ ಅದು ತುಂಬಿ, ಬಂದ ನೀರನ್ನು ಬಂದ ಹಾಗೆಯೇ ಕೆಳಕ್ಕೆ ಬಿಡಬೇಕಾಗುತ್ತದೆ. 2019ರ ಆಗಸ್ಟಿನಲ್ಲಿ ನೀರು ನಗರದ ತಗ್ಗಿನ ಬಡಾವಣೆಗಳಿಗೆ ನುಗ್ಗಿದ್ದನ್ನು ಇಲ್ಲಿಯವರು ಯಾರೂ ಮರೆತಿಲ್ಲ. ಅಂಥ ಹೊತ್ತಿನಲ್ಲಿ ಗೋಡೆ ಎಷ್ಟು ಗಟ್ಟಿ ಎಂಬುದೊಂದೇ ಪ್ರಶ್ನೆಯಲ್ಲ. ಗೋಡೆಯ ಬುಡದಲ್ಲಿ ರಾಜಕಾಲುವೆ ಹೊರಬೀಳುವ ತೂತಿನಿಂದ ಹೊಳೆ ಒಳಕ್ಕೆ ಬರುವುದಿಲ್ಲವೇ ಎಂಬುದೂ ಪ್ರಶ್ನೆ. ಅದಕ್ಕಾಗಿ ಆ ಬಾಯಿಗೆ ಫ್ಲ್ಯಾಪ್ ಗೇಟ್ ಎಂಬ ಮುಚ್ಚಳ ಇಡುತ್ತೇವೆ. ಮೇಲಂಚಿನಲ್ಲಿ ತಿರುಗಣಿಗೆ ತೂಗಿಬಿಟ್ಟ ಈ ಕಬ್ಬಿಣದ ತಟ್ಟೆ ಒಳಗಿನ ನೀರು ತಳ್ಳಿದರೆ ತೆರೆಯುತ್ತದೆ, ಹೊರಗಿನ ಹೊಳೆ ಒತ್ತಿದರೆ ಮುಚ್ಚಿಕೊಳ್ಳುತ್ತದೆ. ಒಂದು ಹಳೆಯ ಗೋಣಿಚೀಲವೋ ತೆಂಗಿನ ಗರಿಯ ದಂಟೋ ತಟ್ಟೆಯ ಸಂದಿಗೆ ಸಿಕ್ಕಿಕೊಂಡರೆ ಸಾಕು, ಅದು ಪೂರ್ತಿ ಮುಚ್ಚದೆ, ಗೋಡೆಯನ್ನು ಹತ್ತದ ನೀರು ಗೋಡೆಯ ಹಿಂದಿನಿಂದ ಬೀದಿಗೆ ಏಳುತ್ತದೆ. ಮೇ ತಿಂಗಳ ಕೊನೆಯಲ್ಲಿ ಈ ಬಾಯಿಗಳನ್ನು ಒಂದೊಂದಾಗಿ ಇಳಿದು ನೋಡುವ ಕೆಲಸಗಾರನಿಗೆ ನಿಲ್ಲಲು ಒಂದು ಕಟ್ಟೆ, ಹಿಡಿಯಲು ಒಂದು ಸರಳು ನಕ್ಷೆಯಲ್ಲೇ ಇರಬೇಕು.

ನದಿಯ ಪಾತ್ರವನ್ನು ಕಿರಿದು ಮಾಡುವ ಬಗ್ಗೆಯೂ ಲಂಡನ್ನಿನ ಅನುಭವ ಗಂಭೀರವಾದದ್ದು. 1928ರ ಜನವರಿಯ ಒಂದು ರಾತ್ರಿ, ಮೇಲಿನಿಂದ ಬಂದ ನೆರೆ ಮತ್ತು ಸಮುದ್ರದ ಉಬ್ಬರ ಒಟ್ಟುಗೂಡಿ ಮಿಲ್‌ಬ್ಯಾಂಕ್‌ನಲ್ಲಿ ದಂಡೆಯ ಗೋಡೆ ಒಡೆಯಿತು. ಆ ನೆರೆಗೆ 14 ಜನ ಸತ್ತರು. ನದಿಗೆ ಅಡ್ಡವಾಗಿ ಏಳುವ ಕದಗಳ ಥೇಮ್ಸ್ ಬ್ಯಾರಿಯರ್ ಕೆಲಸಕ್ಕೆ ನಿಂತದ್ದು 1982ರಲ್ಲಿ. ಅಂಥ ಕದ ನಮ್ಮ ಹೊಳೆಗಳಿಗೆ ಆಗುವ ಮಾತಲ್ಲ. ಮಳೆಗಾಲದ ಹೊಳೆಗೆ ಅಗಲವಾದ ಜಾಗವನ್ನು ಬಿಟ್ಟುಕೊಡುವುದೊಂದೇ ನಮಗಿರುವ ಅಗ್ಗದ ಮತ್ತು ಖಚಿತವಾದ ಉಪಾಯ. ಪಾರ್ಕಿಂಗಿಗೆಂದು ಹತ್ತು ಅಡಿ ಮುಂದಕ್ಕೆ ಮಣ್ಣು ತುಂಬಿ ಎಂದು ಯಾರು ಕೇಳಿದರೂ ನಾನು ಒಪ್ಪುವುದಿಲ್ಲ.

ಇನ್ನು, ಅಡ್ಡಗಟ್ಟಿ ಸಾಗಿಸಿದ ಕೊಳೆ ಹೋದದ್ದೆಲ್ಲಿಗೆ? ಬೆಕ್ಟನ್ ಮತ್ತು ಕ್ರಾಸ್‌ನೆಸ್ ಎಂಬಲ್ಲಿ, ಇಳಿತದ ಹೊತ್ತು ನೋಡಿ ಅದನ್ನು ಹಾಗೆಯೇ ಥೇಮ್ಸ್‌ಗೆ ಬಿಡುತ್ತಿದ್ದರು. 1878ರ ಸೆಪ್ಟೆಂಬರ್ 3ರ ಸಂಜೆ ಪ್ರಿನ್ಸೆಸ್ ಆಲಿಸ್ ಎಂಬ ಪ್ರಯಾಣಿಕರ ಹಡಗು ಆ ಭಾಗದಲ್ಲೇ ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಮುಳುಗಿತು. ಕೊಳೆ ಬಿಟ್ಟು ಹೆಚ್ಚು ಹೊತ್ತಾಗಿರದ ಆ ನೀರಿನಲ್ಲಿ ಆರುನೂರಕ್ಕೂ ಹೆಚ್ಚು ಜನ ಸತ್ತರು. ನಗರದ ನಡುವಿನಿಂದ ಕಣ್ಮರೆಯಾದ ಹೊಲಸು ಕೆಳಗೆಲ್ಲೋ ಬೀಳುತ್ತಿದೆ ಎಂಬುದು ಆಗ ಎಲ್ಲರಿಗೂ ಮನದಟ್ಟಾಯಿತು. ಮುಂದಿನ ದಶಕದಲ್ಲಿ ಗಟ್ಟಿ ಕೊಳೆಯನ್ನು ಬೇರ್ಪಡಿಸುವ ಏರ್ಪಾಡು ಬಂತು. ತುಂಗೆ ಕೂಡಲಿಯಲ್ಲಿ ಭದ್ರೆಯನ್ನು ಕೂಡಿ ಹೊನ್ನಾಳಿ, ಹರಿಹರದ ಕಡೆಗೆ ಹರಿಯುತ್ತಾಳೆ. ‘ಗಂಗಾ ಸ್ನಾನ, ತುಂಗಾ ಪಾನ’ ಎಂದು ನಾವು ಹೆಮ್ಮೆಯಿಂದ ಹೇಳುವ ನೀರನ್ನು ನಮ್ಮ ನಂತರ ಕುಡಿಯುವವರು ಇದ್ದಾರೆ. 2024ರಲ್ಲಿ ಶೃಂಗೇರಿಯಿಂದ ಹೊರಟ ‘ನಿರ್ಮಲ ತುಂಗಭದ್ರಾ’ ಪಾದಯಾತ್ರೆ ನೆನಪಿಸಿದ್ದೂ ಇದನ್ನೇ. ನಮ್ಮ ಊರಿನ ದಂಡೆ ಚೊಕ್ಕವಾಗಿ, ಕೊಳವೆಯ ಬಾಯಿ ಊರಾಚೆಯ ತಿರುವಿನಲ್ಲಿ ತೆರೆದುಕೊಂಡಿದ್ದರೆ ಕೆಲಸ ಆಗಿಲ್ಲ ಎಂದೇ ಅರ್ಥ.

ಲಂಡನ್ನಿನವರು ಮಳೆನೀರನ್ನೂ ಕೊಳೆನೀರನ್ನೂ ಒಂದೇ ಕೊಳವೆಗೆ ಬಿಟ್ಟಿದ್ದರು. ಜೋರು ಮಳೆಯಲ್ಲಿ ಅದು ಉಕ್ಕಿ ನದಿಗೆ ಬೀಳುವುದನ್ನು ತಡೆಯಲು ನೂರೈವತ್ತು ವರ್ಷಗಳ ಮೇಲೆ 25 ಕಿ.ಮೀ. ಉದ್ದದ ಇನ್ನೊಂದು ಸುರಂಗ ಕೊರೆಯಬೇಕಾಯಿತು. ಥೇಮ್ಸ್ ಟೈಡ್‌ವೇ ಎಂಬ ಆ ಸುರಂಗದ ಎಲ್ಲ ಜೋಡಣೆ ಮುಗಿದದ್ದು 2025ರಲ್ಲಿ. ಮಲೆನಾಡಿನ ಮಳೆಗೆ ಒಂದೇ ಕೊಳವೆ ಎಂಬ ಯೋಚನೆಯೇ ಸಲ್ಲದು. ಕಾಗದದ ಮೇಲೆ ನಮ್ಮಲ್ಲಿ ಎರಡೂ ಬೇರೆ ಬೇರೆಯೇ. ಮನೆಯ ಚಾವಣಿ ನೀರನ್ನು ಯುಜಿಡಿ ಮ್ಯಾನ್‌ಹೋಲಿಗೆ ತಿರುಗಿಸುವ, ಬಚ್ಚಲ ನೀರನ್ನು ರಾಜಕಾಲುವೆಗೆ ಬಿಡುವ ರೂಢಿಯಿಂದಾಗಿ ನೆಲದ ಕೆಳಗೆ ಅವು ಒಂದಾಗುತ್ತವೆ. ಆದ್ದರಿಂದ ದಂಡೆಯ ಕೆಲಸಕ್ಕೆ ಮುನ್ನ, ಮಳೆಯಿಲ್ಲದ ಮಾರ್ಚ್ ತಿಂಗಳಲ್ಲಿ ರಾಜಕಾಲುವೆಗಳ ಗುಂಟ ನಡೆಯಿರಿ ಎಂದು ನಾನು ಕಿರಿಯರಿಗೆ ಹೇಳುತ್ತೇನೆ. ಆಗ ಅಲ್ಲಿ ಹರಿಯುವ ನೀರೆಲ್ಲ ಮನೆಗಳದ್ದೇ. ಅದರ ಮೂಲ ಹುಡುಕುವುದು ಆಗ ಸುಲಭ.

ಒಂದು ವಿಷಯದಲ್ಲಿ ಮಾತ್ರ ನಾನು ಬ್ಯಾಜಲ್‌ಜೆಟ್‌ನನ್ನು ಅನುಸರಿಸಲಾರೆ. ಆತನ ಗೋಡೆ ಎತ್ತರದ್ದು, ನೇರವಾದದ್ದು. ದೋಣಿ ಹತ್ತುವ ಕೆಲವು ಕಡೆ ಬಿಟ್ಟರೆ ಅಲ್ಲಿ ನಡೆಯುವವರು ನೀರನ್ನು ನೋಡಬಹುದು, ಮುಟ್ಟಲಾಗದು. ತೀರ್ಥಹಳ್ಳಿಯಲ್ಲಿ ಎಳ್ಳಮಾವಾಸ್ಯೆಗೆ ಹೊಳೆಗಿಳಿದು ಮೀಯುವ ಜನರ ನಡುವೆ ಬೆಳೆದವರಿಗೆ ಅಂಥ ಗೋಡೆ ಹಿಡಿಸುವುದಿಲ್ಲ. ಕೊಳವೆಯನ್ನು ದಾರಿಯ ಕೆಳಗೆ, ದಾರಿಯನ್ನು ನೆರೆಯ ಗುರುತಿನ ಮೇಲೆ ಇಟ್ಟು, ಅಲ್ಲಿಂದ ನೀರಿನವರೆಗೆ ಅಗಲವಾದ ಕಲ್ಲಿನ ಸೋಪಾನ ಇಳಿಸುವುದು ನಾವು ಈಗ ಬರೆಯುತ್ತಿರುವ ಕೊಯ್ತ. ಕೆಳಗಿನ ಮೆಟ್ಟಿಲುಗಳು ಪ್ರತಿ ಮಳೆಗಾಲದಲ್ಲೂ ಮುಳುಗುತ್ತವೆ, ಮುಳುಗಲೆಂದೇ ಅವನ್ನು ಕಟ್ಟುವುದು. ಹಾಗಾಗಿ ಅಲ್ಲಿ ದೀಪಗಳಾಗಲಿ, ಟೈಲ್ಸ್ ಆಗಲಿ, ಉಕ್ಕಿನ ಕಟಕಟೆಯಾಗಲಿ ಬೇಡ, ಸೆಪ್ಟೆಂಬರಿನಲ್ಲಿ ಕೆಸರು ತೊಳೆದರೆ ಮತ್ತೆ ಬಳಕೆಗೆ ಬರುವ ಒರಟು ಕಲ್ಲು ಸಾಕು.