ಜೊತೆಗಾರರಿಲ್ಲದೆಯೂ ಹೋಗಬಹುದಾದ ನೃತ್ಯ

ಎಡಿನ್‌ಬರೋದ ಚಳಿಗಾಲದ ಸಂಜೆಗಳನ್ನು ಮನೆಯೊಳಗೇ ಕಳೆದು ಬೇಸತ್ತ ನಮ್ಮವರಿಗೆ ನಾನು ಈಚೆಗೆ ಸೂಚಿಸುತ್ತಿರುವುದು ಸ್ಕಾಟಿಷ್ ಕಂಟ್ರಿ ಡ್ಯಾನ್ಸ್ ತರಗತಿಯನ್ನು. ಪ್ರತಿ ನೃತ್ಯಕ್ಕೂ ಜೊತೆಗಾರರನ್ನು ಬದಲಿಸುವುದು ಇಲ್ಲಿಯ ರೂಢಿಯಾದ್ದರಿಂದ ಒಬ್ಬರೇ ಹೋದರೂ ಸಂಕೋಚಪಡಬೇಕಾಗಿಲ್ಲ. ಸ್ಕಾಟ್ಲೆಂಡಿನ ಸಾಂಪ್ರದಾಯಿಕ ನೆರಿಗೆ ಲಂಗವಾದ ಕಿಲ್ಟ್ ಕಡ್ಡಾಯವೇನಲ್ಲ (ಊರಿನಿಂದ ಅಮ್ಮ ಕೇಳಿದ ಮೊದಲ ಪ್ರಶ್ನೆ ಅದೇ). ಮೆತ್ತನೆಯ ಅಡಿಯ ಹಗುರ ಪಾದರಕ್ಷೆ ಸಾಕು.

ಸಾಮಾನ್ಯವಾಗಿ ನಾಲ್ಕು ಜೋಡಿಗಳು ಎರಡು ಸಾಲುಗಳಲ್ಲಿ ಎದುರುಬದುರು ನಿಂತು ಒಂದು ಸೆಟ್ ಆಗುತ್ತದೆ. ಹಲವು ನೃತ್ಯಗಳಲ್ಲಿ 32 ಬಾರ್‌ಗಳ (ಬಾರ್ ಎಂದರೆ ತಾಳದ ಒಂದು ಸಣ್ಣ ಅಳತೆ) ಸಂಗೀತಕ್ಕೆ ಹೆಣೆದ ವಿನ್ಯಾಸವನ್ನು ಮೊದಲ ಜೋಡಿ ಎರಡು ಬಾರಿ ಕುಣಿದು ಸಾಲಿನ ಕೊನೆಗೆ ಸರಿಯುತ್ತದೆ. ಆಮೇಲೆ ಎರಡನೆಯ ಜೋಡಿಯ ಸರದಿ, ಹೀಗೆ ಎಂಟು ಆವರ್ತನಗಳಲ್ಲಿ ಎಲ್ಲರೂ ಮುನ್ನಡೆಸಿದವರೇ ಆಗುತ್ತಾರೆ. ಸಂಗೀತ ಆರಂಭವಾಗುವ ಮುನ್ನ ಶಿಕ್ಷಕರು ಒಮ್ಮೆ ನಡೆಸಿ ತೋರಿಸುತ್ತಾರೆ. ನೃತ್ಯದ ಬಗೆಗಳಲ್ಲಿ ರೀಲ್ ಮತ್ತು ಜಿಗ್ ಚುರುಕಿನವು. ಸ್ಟ್ರಾತ್‌ಸ್ಪೇ ನಿಧಾನವಾದದ್ದು, ಆದರೆ ನನ್ನ ಮಟ್ಟಿಗೆ ಅದೇ ಕಠಿಣ, ಏಕೆಂದರೆ ತಪ್ಪುಗಳನ್ನು ಅವಸರದ ಮರೆಯಲ್ಲಿ ಅಡಗಿಸಿಡಲು ಅಲ್ಲಿ ಆಗುವುದಿಲ್ಲ.

ಗ್ಲಾಸ್ಗೋದಲ್ಲಿ 1923ರಲ್ಲಿ ಜೀನ್ ಮಿಲಿಗನ್ ಮತ್ತು ಇಸೊಬೆಲ್ ಸ್ಟುವರ್ಟ್ ಮುಂದಾಗಿ ಕಟ್ಟಿದ ಸಂಘವೇ ಈ ನೃತ್ಯಗಳನ್ನು ಸಂಗ್ರಹಿಸಿ, ಹೆಜ್ಜೆಗಳನ್ನು ಒಂದು ಕ್ರಮಕ್ಕೆ ತಂದು, ಪುಸ್ತಕಗಳಾಗಿ ಪ್ರಕಟಿಸಿತು. ಹೀಗಾಗಿ ಇಲ್ಲಿ ಕಲಿತವರು ಟೋಕಿಯೊದಲ್ಲೋ ಟೊರಾಂಟೊದಲ್ಲೋ ಅಪರಿಚಿತರ ಸೆಟ್‌ಗೆ ನೇರವಾಗಿ ಸೇರಿಕೊಳ್ಳಬಹುದು.

ನನಗೆ ಹೆಚ್ಚು ಹಿಡಿಸಿದ್ದು, ಕೈ ಚಾಚುವಾಗ ಎದುರಿನವರ ಕಣ್ಣನ್ನು ನೋಡಬೇಕೆಂಬ ಪಾಠ. ಉದ್ಯೋಗ, ವೀಸಾ, ಬಾಡಿಗೆಗಳ ಮಾತೇ ಇಲ್ಲದೆ ನೆರೆಯವರ ಪರಿಚಯವಾಗುವ ಇಂಥ ಅವಕಾಶ ವಲಸೆ ಬಂದವರಿಗೆ ಅಪರೂಪ. ಹೊಸಬರ ತರಗತಿಗಳು ಹೆಚ್ಚಾಗಿ ಸೆಪ್ಟೆಂಬರ್ ಹೊತ್ತಿಗೆ ಆರಂಭವಾಗುತ್ತವೆ. ಹೋಗುವವರು ನೀರಿನ ಬಾಟಲಿಯನ್ನು ಮರೆಯಬಾರದು.