ಮಳೆ ಯಾವ ಕಡೆಯಿಂದ ಬರುವುದು?

“ಇದರಲ್ಲಿ ಮಳೆ ಯಾವ ಕಡೆಯಿಂದ ಬರುವುದು?”

ಕಾಸರಗೋಡು ಪೇಟೆಯ ಬೀದಿಬದಿಗೆ ಹೊಸ ರೂಪ ಕೊಡುವ ನಕ್ಷೆ ನೋಡಿ ಮೊನ್ನೆಯ ಸಭೆಯಲ್ಲಿ ಮಲ್ಲಿಗೆ ಮಾರುವ ಅಕ್ಕ ಕೇಳಿದ್ದು ಇಷ್ಟೇ. “ಮೇಲಿನಿಂದ ಅಕ್ಕ” ಎಂದರು ನಕ್ಷೆ ಮಾಡಿದವರು. ಎಲ್ಲರೂ ನಕ್ಕರು. ಅಕ್ಕ ನಗಲಿಲ್ಲ.

ಜೂನ್ ಹಿಡಿಯಿತೆಂದರೆ ಇಲ್ಲಿ ಗಾಳಿಮಳೆ ಪಡುವಣದಿಂದ ಓರೆಯಾಗಿ ಹೊಡೆಯುತ್ತದೆ. ನಕ್ಷೆಯಲ್ಲಿ ಗೂಡಂಗಡಿಗಳ ಮುಖ ಪಡುವಣಕ್ಕೇ, ಮಾಡು ಮೂರು ಮೀಟರ್ ಎತ್ತರ. ಮಳೆ 45 ಡಿಗ್ರಿ ಓರೆ ಬಂದರೆ ಮುಕ್ಕಾಲು ಮೀಟರ್ ಎತ್ತರದ ಮೇಜು ಮಾಡಿನ ಅಂಚಿನಿಂದ ಎರಡೂಕಾಲು ಮೀಟರ್ ಒಳಗಿದ್ದರೂ ನೆನೆಯುತ್ತದೆ. ಆಮೇಲೆ ಆಗುವುದು ಗೊತ್ತೇ ಇದೆ: ತರ್ಪಾಲು ಬರುತ್ತದೆ, ಅದರ ಹಗ್ಗ ಕಾಲುದಾರಿಗೆ ಅಡ್ಡ ಬರುತ್ತದೆ, ನಡೆಯುವವರು ರಸ್ತೆಗೆ ಇಳಿಯುತ್ತಾರೆ, ಕೊನೆಗೆ ‘ಅತಿಕ್ರಮಣ’ ಎಂದು ಎಬ್ಬಿಸಲು ಜೀಪು ಬರುತ್ತದೆ. “ಮೇಲಿನಿಂದ ಅಕ್ಕ” ಎಂದವರಿಗೆ ಇದು ಹೊಳೆಯಲಿಲ್ಲ. ಬುದ್ಧಿವಂತರೇ, ಆದರೆ ಮಳೆಗಾಲದಲ್ಲಿ ಅಲ್ಲಿ ನಿಂತು ಒಂದು ಮೊಳ ಹೂ ಕೊಂಡವರಲ್ಲ.

2014ರ ಬೀದಿ ವ್ಯಾಪಾರಿಗಳ ಕಾಯ್ದೆಯ ಪ್ರಕಾರ, ಇಂಥ ವಿಷಯ ನೋಡುವ ಪಟ್ಟಣ ವ್ಯಾಪಾರ ಸಮಿತಿಯಲ್ಲಿ ಕನಿಷ್ಠ 40 ಶೇಕಡಾ ಬೀದಿ ವ್ಯಾಪಾರಿಗಳೇ ಇರಬೇಕು, ಅವರಲ್ಲಿ ಮೂರನೇ ಒಂದು ಭಾಗ ಹೆಂಗಸರು. ಸಭೆಯನ್ನು ಬೆಳಿಗ್ಗೆ ಹನ್ನೊಂದಕ್ಕೆ ಕರೆದರೆ ವ್ಯಾಪಾರ ಬಿಟ್ಟು ಬರುವವರು ಯಾರು? ಮೈಕು ಹಿಡಿದದ್ದು ಎಂದಿನ ಹಾಗೆ ದೊಡ್ಡ ಅಂಗಡಿಯವರು. ಅವರ ದೂರು ಸುಳ್ಳಲ್ಲ, ತಳ್ಳುಗಾಡಿ ನಿಂತರೆ ಅಂಗಡಿ ಬಾಗಿಲು ಮುಚ್ಚುತ್ತದೆ. ಆದರೆ ಅರ್ಧ ಗಂಟೆ ಅದನ್ನೇ ಹೇಳಬೇಕಿತ್ತೇ ಮಾರಾಯ್ರೆ!

ಇಂಥ ಜಗಳ ಗೋಡೆಯ ನಕ್ಷೆಯ ಮುಂದೆ ಬಗೆಹರಿಯುವುದಿಲ್ಲ, ನೆಲದ ಮೇಲೆ ಬಗೆಹರಿಯುತ್ತದೆ. ಅಂಗಡಿ ಮುಚ್ಚಿದ ಮೇಲೆ ಸುಣ್ಣದ ಪುಡಿಯಲ್ಲಿ ನಿಜ ಅಳತೆಗೇ ಗೆರೆ ಎಳೆಯಬೇಕು. ಮೊದಲು ನಡೆಯುವವರಿಗೆ ಎರಡೂವರೆ ಮೀಟರ್, ಉಳಿದದ್ದರಲ್ಲಿ ಗಾಡಿಗಳು. ಕಾಲುದಾರಿಯ 150 ಮಿಲಿಮೀಟರ್ ಎತ್ತರದ ಅಂಚಿಗೆ ಗಾಲಿಕುರ್ಚಿ ಹತ್ತಬೇಕಾದರೆ 1:12ರ (ಒಂದು ಪಾಲು ಎತ್ತರಕ್ಕೆ ಹನ್ನೆರಡು ಪಾಲು ಉದ್ದ) ಲೆಕ್ಕದಲ್ಲಿ 1.8 ಮೀಟರ್ ಇಳಿಜಾರು ಬೇಕು. ನಕ್ಷೆಯಲ್ಲಿ ಚಿಕ್ಕ ತ್ರಿಕೋನದಂತೆ ಕಾಣುವ ಇದು ನೆಲದಲ್ಲಿ ಒಂದು ಗಾಡಿಯ ಜಾಗವನ್ನೇ ತಿನ್ನುತ್ತದೆ. ತರಕಾರಿ ಟೆಂಪೊ ತಿರುಗಿಸಿ ನೋಡಬೇಕು. ಹಗ್ಗ, ಮರಳಿನ ಚೀಲ ಇಟ್ಟು ಒಂದು ವಾರ ಹಾಗೇ ಇರಲು ಬಿಟ್ಟು, ಬೆಳಿಗ್ಗೆ, ಶಾಲೆ ಬಿಡುವ ಹೊತ್ತು, ಮುಸ್ಸಂಜೆ ಮೂರು ಹೊತ್ತೂ ಜನ ಎಣಿಸಬೇಕು. ಹಗಲು ಮಾತ್ರ ಎಣಿಸಿದರೆ ಸಂಜೆಯ ತಿಂಡಿಗಾಡಿಗಳು ಪಟ್ಟಿಯಲ್ಲೇ ಇರುವುದಿಲ್ಲ. ಕಾಂಕ್ರೀಟು ಆಮೇಲೆ.

ಇನ್ನೊಂದು, ಸಾಲು ಗೂಡಂಗಡಿ ಬರುವುದು ಚರಂಡಿಯ ಚಪ್ಪಡಿಗಳ ಮೇಲೆಯೇ. ಬೋಲ್ಟು ಹಾಕಿ ಕೂರಿಸಿದರೆ ಮೇ ತಿಂಗಳಲ್ಲಿ ಹೂಳು ತೆಗೆಯುವುದು ಹೇಗೆ? ಆ ಕೆಲಸದವರನ್ನೂ ಮುಂದಿನ ಸಭೆಗೆ ಕರೆಯಲಿ, ಯಾವ ಚಪ್ಪಡಿ ಏಳಬೇಕೆಂದು ಅವರೇ ಗುರುತು ಹಾಕಿ ಕೊಟ್ಟಾರು.