ಫಿಲ್ಟರ್ ಹಾಕಿದರೆ ಪವರ್ ಹೋಗಲ್ವಾ?

ಹೋಗುತ್ತದೆ. ಸಾಕಾ?

ಗ್ಯಾರೇಜಿನಲ್ಲಿ ತಾವೇ ವಿಮಾನ ಕಟ್ಟುವವರು ನನಗೆ ಫೋನ್ ಮಾಡಿ ಕೇಳುವುದು ಇದೊಂದೇ. ಎಂಜಿನ್ನಿಗೆ ಏರ್ ಫಿಲ್ಟರ್ ಬೇಕಾ ಬೇಡ್ವಾ ಅಂತ ನೇರವಾಗಿ ಕೇಳುವುದಿಲ್ಲ. ಬೇಡ ಅಂತ ಮೊದಲೇ ತೀರ್ಮಾನ ಆಗಿರುತ್ತದೆ. ನಾನು ಹೂಂ ಅನ್ನಬೇಕು, ಅಷ್ಟೆ.

ಅನ್ನುವುದಿಲ್ಲ. ನಾನು ಕಟ್ಟಿದ ಆರ್‌ವಿ-9 ಅನ್ನುವ ಪುಟ್ಟ ಕಿಟ್ ವಿಮಾನದಲ್ಲಿ ಲೈಕಮಿಂಗ್ ಓ-320 ಇದೆ. 5.2 ಲೀಟರ್ ಎಂಜಿನ್. ಪೂರ್ತಿ ಥ್ರಾಟಲ್ ಕೊಟ್ಟರೆ ನಿಮಿಷಕ್ಕೆ 5,000 ಲೀಟರಿಗೂ ಜಾಸ್ತಿ ಗಾಳಿ ಎಳೆದುಕೊಳ್ಳುತ್ತದೆ. ನಾನಿರುವುದು ಅಮೆರಿಕದ ಮರುಭೂಮಿ ಸೀಮೆ ಅರಿಝೋನಾದಲ್ಲಿ. ಆ ಗಾಳಿಯಲ್ಲಿ ಏನಿದೆ ಅಂತ ನನ್ನ ಕಾರಿನ ಬಾನೆಟ್ ಮೇಲೆ ಬೆರಳಾಡಿಸಿದರೆ ಗೊತ್ತಾಗುತ್ತದೆ.

"ಮೇಲೆ ಧೂಳೆಲ್ಲಿದೆ ಗುರೂ?" ಅಂದಿದ್ದ ಒಬ್ಬ ಗೆಳೆಯ, ನಮ್ಮೂರ ಕಡೆಯವನೇ. ಮೇಲಿಲ್ಲ ಕಣಪ್ಪಾ. ಧೂಳು ನುಂಗುವುದು ನೆಲದ ಮೇಲೆ, ಟ್ಯಾಕ್ಸಿ ಮಾಡುವಾಗ (ಅಂದರೆ ನೆಲದ ಮೇಲೆ ಓಡಿಸಿಕೊಂಡು ಹೋಗುವಾಗ), ರನ್‌ಅಪ್ ಮಾಡುವಾಗ (ಹಾರುವ ಮುಂಚೆ ನಿಂತು ಎಂಜಿನ್ ಪರೀಕ್ಷಿಸುವಾಗ). ಪ್ರೊಪೆಲ್ಲರೇ ಮಣ್ಣೆಬ್ಬಿಸಿ ಎಂಜಿನ್ ಬಾಯಿಗೆ ಹಾಕುತ್ತದೆ. ಆ ಮರಳುಪುಡಿ ಆಯಿಲ್ ಜೊತೆ ಸೇರಿ ಸಿಲಿಂಡರನ್ನೂ ರಿಂಗನ್ನೂ ಉಪ್ಪುಕಾಗದದ ಹಾಗೆ ಉಜ್ಜುತ್ತದೆ. 2,000 ಗಂಟೆಗೆ ಓವರ್‌ಹಾಲ್ ಆಗಬೇಕಿದ್ದ ಅವನ ಫಿಲ್ಟರಿಲ್ಲದ ಎಂಜಿನ್ 400 ಗಂಟೆಗೇ ಆಯಿಲ್ ಕುಡಿಯತೊಡಗಿತು. ಆಯಿಲನ್ನು ಲ್ಯಾಬಿಗೆ ಕಳಿಸಿದರೆ ಸಿಲಿಕಾನ್, ಅಂದರೆ ಮರಳುಧೂಳಿನ ಗುರುತು, ಏರಿ ಕೂತಿತ್ತು. "ಹೇಳಿದ್ನಲ್ಲ" ಅಂತ ನಾನು ಅನ್ನಲಿಲ್ಲ. ಆಸೆಯೇನೋ ತುಂಬಾ ಇತ್ತು.

ಟ್ರ್ಯಾಕ್ಟರ್ ಉತ್ತು ಬಂದ ಸಂಜೆ ಏರ್ ಕ್ಲೀನರಿನ ಬಟ್ಟಲು ಬಿಚ್ಚಿ ಕೆಸರಾದ ಆಯಿಲ್ ಚೆಲ್ಲುವುದನ್ನು ನೋಡಿ ಬೆಳೆದವನೇ ಅವನೂ!

ಪವರ್ ಲೆಕ್ಕ ಬೇಕೇ ಬೇಕಾ? ಎಂಜಿನ್ ಒಳಗೆ ಹೋಗುವ ಗಾಳಿಯ ಒತ್ತಡವನ್ನು, ಅಂದರೆ ಮ್ಯಾನಿಫೋಲ್ಡ್ ಪ್ರೆಶರನ್ನು, ಪಾದರಸದ ಇಂಚಿನಲ್ಲಿ ಅಳೆಯುತ್ತಾರೆ. ಸ್ವಚ್ಛ ಫಿಲ್ಟರ್ ತಿನ್ನುವುದು ಅದರಲ್ಲಿ ಒಂದು ಇಂಚಿಗಿಂತ ಎಷ್ಟೋ ಕಡಿಮೆ. ಸಾವಿರ ಅಡಿ ಕೆಳಗಿಳಿಯಿರಿ, ಸುಮಾರು ಒಂದು ಇಂಚು ವಾಪಸ್ ಬರುತ್ತದೆ.

ಯಾರಾದರೂ ಇದನ್ನು ಕೇಳಬಾರದಾ: ಹಿಮ ಮೆತ್ತಿ ಫಿಲ್ಟರ್ ಕಟ್ಟಿಕೊಂಡರೆ ಎಂಜಿನ್ ಎಲ್ಲಿಂದ ಉಸಿರಾಡುತ್ತದೆ? ಅದಕ್ಕೆ ಇನ್ನೊಂದು ಬಾಗಿಲು ಬೇಕು. ಕಾರ್ಬುರೇಟರ್ ಇದ್ದರೆ ಕಾರ್ಬ್ ಹೀಟೇ ಆ ಬಾಗಿಲು. ಎಗ್ಸಾಸ್ಟ್ ಪೈಪಿನ ಸುತ್ತ ಕಾದ ಗಾಳಿ, ಸೋಸದೆ, ನೇರ ಒಳಗೆ. ಅಂದರೆ ಧೂಳಿನಲ್ಲಿ ಅದರ ಗುಬ್ಬಿ ಎಳೆದುಕೊಂಡು ನಿಂತರೆ ಫಿಲ್ಟರ್ ಇದ್ದೂ ಇಲ್ಲದ ಹಾಗೆ. ಕೆಲವೇ ಸೆಕೆಂಡು ಪರೀಕ್ಷಿಸಿ ಒಳಗೆ ತಳ್ಳಬೇಕು.

ಗೆಳೆಯನ ವಿಮಾನಕ್ಕೆ ಈಗ ಹೊಸ ಸಿಲಿಂಡರ್, ಹೊಸ ಫಿಲ್ಟರ್ ಎರಡೂ ಬಂದಿವೆ. ಮೊನ್ನೆ ಅವನ ಪಕ್ಕ ಕೂತಿದ್ದೆ. ಮಣ್ಣಿನ ರನ್‌ವೇ ಅಂಚಿನಲ್ಲಿ ನಿಂತು ಕಾರ್ಬ್ ಹೀಟ್ ಎಳೆದ. ಆಮೇಲೆ ಸೀಟಿನ ಕೆಳಗೆ ಚೆಕ್‌ಲಿಸ್ಟ್ ಹುಡುಕತೊಡಗಿದ. ನಾನೇ ಕೈ ಚಾಚಿ ತಳ್ಳಿದೆ.